ಸಿಪಾಯಿಯ ಹೆಸರಿನ ಮುಂದೆ ಹಡಗಿನ ಹೆಸರೂ ಇರಲಿ: ಒಂದು ಬಹಿರಂಗ ಪತ್ರ

ಸೇನಾ ದಾಖಲೆ ಕಚೇರಿಗಳ ಅಧಿಕಾರಿಗಳಿಗೆ, ಪತ್ರಾಗಾರಗಳನ್ನು ನೋಡಿಕೊಳ್ಳುವವರಿಗೆ, ರಕ್ಷಣಾ ಸಚಿವಾಲಯದಲ್ಲಿ ಈ ವಿಷಯ ತೀರ್ಮಾನಿಸುವವರಿಗೆ, ಮತ್ತು ಮನೆಯಲ್ಲಿ ಹಳೆಯ ಯುದ್ಧದ ಪದಕ ಇಟ್ಟುಕೊಂಡಿರುವ ಎಲ್ಲರಿಗೂ,

ನಮಸ್ಕಾರ.

ನನ್ನ ಬೇಡಿಕೆ ಏನು ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು. ಅವರಲ್ಲಿ ಲಕ್ಷಗಟ್ಟಲೆ ಜನ ಹಡಗು ಹತ್ತಿ ಹೊರದೇಶಕ್ಕೆ ಹೋದರು. ಅವರ ಮನೆಯವರಿಗೆ ಎರಡು ಕಾಗದ ನೋಡಲು ಸಿಗಬೇಕು. ಒಂದು, ಪಡೆಯ ಲಾಂಗ್ ರೋಲ್‌ನಲ್ಲಿ, ಅಂದರೆ ಸೇರಿದವರ ಹೆಸರಿನ ದೊಡ್ಡ ಪುಸ್ತಕದಲ್ಲಿ, ಅವರ ಹೆಸರಿರುವ ಸಾಲು. ಇನ್ನೊಂದು, ಅವರಿದ್ದ ಕಂಪನಿಯ, ಅಂದರೆ ಪಡೆಯೊಳಗಿನ ತುಕಡಿಯ, ಯುದ್ಧ ದಿನಚರಿಯಲ್ಲಿ ಹಡಗು ಹತ್ತಿದ ದಿನದ ಪುಟ. ಇವೆರಡನ್ನೂ ಸ್ಕ್ಯಾನ್ ಮಾಡಿ. ಹೆಸರು ಅಥವಾ ನಂಬರು ಹಾಕಿದರೆ ಸಿಗುವಂತೆ ಇಡಿ. ಅಷ್ಟು ಮಾಡಿದರೆ ಉಳಿದ ದಾರಿಯನ್ನು ನಾವೇ ಹುಡುಕಿಕೊಳ್ಳುತ್ತೇವೆ.

ಸ್ಮಾರಕ ಕೇಳುತ್ತಿಲ್ಲ. ಸಮಾರಂಭ ಕೇಳುತ್ತಿಲ್ಲ. ಪರಿಹಾರವನ್ನಂತೂ ಕೇಳುತ್ತಲೇ ಇಲ್ಲ.

ನಾನು ಹುಡುಕುತ್ತಿರುವುದು ನಮ್ಮ ದೊಡ್ಡಜ್ಜನನ್ನು, ಅಂದರೆ ನನ್ನ ಅಜ್ಜಿಯ ಅಣ್ಣನನ್ನು. ಅವರು ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಸ್ಯಾಪರ್ ಆಗಿದ್ದರು. ಹೆಸರಿನಲ್ಲಿ ಮದ್ರಾಸ್ ಇದ್ದರೂ 1834ರಿಂದ ಆ ಪಡೆಯ ನೆಲೆ ಬೆಂಗಳೂರು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲದಲ್ಲಿ ಹೂತ ಮೈನ್‌ಗಳನ್ನು ಹುಡುಕಿ ತೆಗೆಯುವುದು ಅವರ ಕೆಲಸ. ಕನ್ನಡ, ತಮಿಳು, ತೆಲುಗು, ಮಲಯಾಳಂ ಮಾತಾಡುವ ಹುಡುಗರು ಒಂದೇ ಬ್ಯಾರಕ್‌ನಲ್ಲಿ ಇರುತ್ತಿದ್ದರು. ಭಾರತೀಯರಲ್ಲಿ ಮೊದಲ ಜಾರ್ಜ್ ಕ್ರಾಸ್ (ಬ್ರಿಟಿಷರ ದೊಡ್ಡ ಶೌರ್ಯ ಪದಕ) ಪಡೆದ ಸುಬೇದಾರ್ ಸುಬ್ರಮಣಿಯನ್ ಇದೇ ಪಡೆಯವರು. 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊ ಹತ್ತಿರ, ಜೊತೆಯವರನ್ನು ಉಳಿಸಲು ಅವರು ಸಿಡಿಯಲಿದ್ದ ಮೈನ್ ಮೇಲೆ ಮಲಗಿ ಪ್ರಾಣ ಬಿಟ್ಟರು. ಅವರ ಹೆಸರು ಉಳಿಯಿತು. ಉಳಿಯಲೇಬೇಕಿತ್ತು. ಅದೇ ಇಟಲಿಗೆ ಹೋಗಿ ಜೀವಂತ ತಿರುಗಿ ಬಂದ ಸಾವಿರಾರು ಸ್ಯಾಪರ್‌ಗಳಲ್ಲಿ ನಮ್ಮ ದೊಡ್ಡಜ್ಜ ಒಬ್ಬರು. ಯುದ್ಧ ಮುಗಿದು ಊರಿಗೆ ಬಂದರು. ಮದುವೆಯಾದರು, ಬೇಸಾಯ ಮಾಡಿದರು, ವಯಸ್ಸಾಗಿ ತೀರಿಕೊಂಡರು.

ಹಡಗಿನ ಬಗ್ಗೆ ಅವರು ಹೇಳಿದ್ದು ಬಹಳ ಕಡಿಮೆ. ರಾತ್ರಿ ಡೆಕ್ ಮೇಲೆ ಬೀಡಿ ಹಚ್ಚುವ ಹಾಗಿರಲಿಲ್ಲ ಅನ್ನುತ್ತಿದ್ದರಂತೆ. ತಿನ್ನುವಾಗಲೂ ಪಕ್ಕದಲ್ಲಿ ತೇಲುವ ಜಾಕೆಟ್ ಇರಬೇಕಿತ್ತು ಅನ್ನುತ್ತಿದ್ದರಂತೆ. ಇಷ್ಟೇ. ಈ ಎರಡೂ ಮಾತು ಸುಳ್ಳಲ್ಲ. ಆಗಿನ ಎಲ್ಲ ಸೈನಿಕ ಹಡಗುಗಳಲ್ಲೂ ಇದೇ ಶಿಸ್ತು. ಕತ್ತಲಾದ ಮೇಲೆ ಕಿಟಕಿಗಳನ್ನೆಲ್ಲ ಮುಚ್ಚಬೇಕು. ಒಂದು ಕಿಡಿಯೂ ಹೊರಗೆ ಕಾಣಬಾರದು. ಕಸವನ್ನು ಮನಸ್ಸಿಗೆ ಬಂದಾಗ ಸಮುದ್ರಕ್ಕೆ ಎಸೆಯುವಂತಿಲ್ಲ, ಯಾಕೆಂದರೆ ತೇಲುವ ಕಸ ಸಬ್‌ಮೆರೀನ್‌ಗೆ ದಾರಿ ತೋರಿಸುತ್ತದೆ. ಹಡಗು ನೇರ ಹೋಗದೆ ಅಂಕುಡೊಂಕಾಗಿ ಸಾಗುತ್ತಿತ್ತು. ಕೆಳಗಿನ ಮೆಸ್ ಡೆಕ್‌ನಲ್ಲಿ ಊಟ ಮಾಡಿದ ಮೇಜಿನ ಮೇಲೆಯೇ ರಾತ್ರಿ ಹ್ಯಾಮಕ್ ತೂಗುತ್ತಿತ್ತು. ಸಮುದ್ರವನ್ನೇ ನೋಡಿರದ ಬಯಲುಸೀಮೆಯ ಹುಡುಗರು ಅಲ್ಲಿ ಒತ್ತೊತ್ತಾಗಿ ಮಲಗಿದ್ದರು.

‘ಹಡಗಿನ ಹೆಸರು ಗೊತ್ತಾದರೆ ಏನು ಸಿಗುತ್ತೆ?’ ಅಂತ ನನ್ನನ್ನು ಬಹಳ ಜನ ಕೇಳಿದ್ದಾರೆ. ಬೇಕಾದಷ್ಟು ಸಿಗುತ್ತದೆ. ಹಡಗಿನ ಹೆಸರು ಮತ್ತು ತಿಂಗಳು ಗೊತ್ತಾದರೆ ಅದು ಯಾವ ಕಾನ್ವಾಯ್‌ನಲ್ಲಿತ್ತು, ಅಂದರೆ ಬೆಂಗಾವಲಿನಲ್ಲಿ ಒಟ್ಟಿಗೆ ಸಾಗುವ ಯಾವ ಹಡಗುಗಳ ಗುಂಪಿನಲ್ಲಿತ್ತು ಅಂತ ತಿಳಿಯುತ್ತದೆ. ಕಾನ್ವಾಯ್ ಗೊತ್ತಾದರೆ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು, ಬೆಂಗಾವಲಿಗೆ ಯಾವ ಯುದ್ಧನೌಕೆ ಇತ್ತು, ದಾರಿಯಲ್ಲಿ ಏನಾಯಿತು, ಎಂದು ದಡ ಸೇರಿತು, ಎಲ್ಲವೂ ತಿಳಿಯುತ್ತದೆ. ಬ್ರಿಟನ್ನಿನಲ್ಲಿ, ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಬಿ.ಟಿ. 389 ಎಂಬ ಸರಣಿ ಇದೆ. ಯುದ್ಧಕಾಲದ ಹಡಗುಗಳ ಓಡಾಟದ ಕಾರ್ಡುಗಳು ಅವು. ಯಾವ ಬಂದರು, ಯಾವ ದಿನ ಅಂತ ಕಾರ್ಡಿನಲ್ಲಿ ಬರೆದಿದೆ. ಕಾನ್ವಾಯ್‌ಗಳ ವರದಿಗಳು ಎ.ಡಿ.ಎಂ. 199ರಲ್ಲಿವೆ. ಅಂದರೆ ಹಡಗಿನ ಕಡೆಯ ಲೆಕ್ಕ ಪಕ್ಕಾ ಇದೆ. ಮನುಷ್ಯನಿಂದ ಹಡಗಿಗೆ ಹೋಗುವ ಕೊಂಡಿ ಮಾತ್ರ ಇಲ್ಲ.

ಆ ಕೊಂಡಿ ಯಾಕೆ ತಪ್ಪಿತು ಅನ್ನೋದಕ್ಕೆ ಕಾರಣ ಇದೆ. ಆಗ ಗುಟ್ಟೇ ರಕ್ಷಣೆ. ಬಾಂಬೆಯಲ್ಲಿ ಬ್ಯಾಲಾರ್ಡ್ ಪಿಯರ್‌ವರೆಗೂ ರೈಲು ಬರುತ್ತಿತ್ತು. ಹುಡುಗರು ರೈಲಿನಿಂದ ಇಳಿದು ಬೂದು ಬಣ್ಣ ಬಳಿದ ಹಡಗಿಗೆ ಹತ್ತುತ್ತಿದ್ದರು. ಆದೇಶದ ಕಾಗದದಲ್ಲೂ ಎಷ್ಟೋ ಸಲ ಹಡಗಿನ ಹೆಸರಿನ ಬದಲು ಒಂದು ಅಕ್ಷರ, ಒಂದು ಅಂಕಿ ಇರುತ್ತಿತ್ತು. ಮನೆಗೆ ಬರೆಯುವ ಕಾಗದದಲ್ಲಿ ಹಡಗಿನ ಹೆಸರಾಗಲಿ, ಊರಿನ ಹೆಸರಾಗಲಿ ಬರೆದರೆ ಸೆನ್ಸಾರಿನವರು ಅಳಿಸುತ್ತಿದ್ದರು. ವಿಳಾಸಕ್ಕೆ ಫೀಲ್ಡ್ ಪೋಸ್ಟ್ ಆಫೀಸಿನ, ಅಂದರೆ ಸೇನೆಯ ಜೊತೆ ಸಾಗುವ ಅಂಚೆ ಕಚೇರಿಯ, ನಂಬರು ಮಾತ್ರ. ಹಡಗು ಹತ್ತಿದವರ ಹೆಸರಿನ ಪಟ್ಟಿಗಳು ಯುದ್ಧ ಮುಗಿದ ಮೇಲೆ ಯಾರಿಗೂ ಬೇಡವಾದವು. ಬಹುಪಾಲು ಉಳಿದೇ ಇಲ್ಲ. ಬ್ರಿಟಿಷ್ ಸೈನಿಕರ ಮೊಮ್ಮಕ್ಕಳಿಗೂ ಇದೇ ಪಾಡು. ಆದರೆ ಅವರಿಗೆ ಸೈನಿಕನ ಸೇವಾ ದಾಖಲೆ ಸಿಗುತ್ತದೆ, ಅಲ್ಲಿಂದ ಪಡೆಯ ದಿನಚರಿಗೆ ಹೋಗಬಹುದು. ನಮಗೆ ಮೊದಲ ಮೆಟ್ಟಿಲೇ ಸಿಗುವುದಿಲ್ಲ.

ಹಾಗಾಗಿ ನಾನು ಮನೆಯಲ್ಲಿ ಉಳಿದ ವಸ್ತುಗಳಿಂದಲೇ ಶುರುಮಾಡಬೇಕಾಯಿತು. ಡಿಸ್ಚಾರ್ಜ್ ಪುಸ್ತಕವನ್ನು ಗೆದ್ದಲು ತಿಂದಿದೆ. ಉಳಿದಿರುವುದು ಮೂರು ಪದಕ, ಒಂದು ಫೋಟೋ. ಪದಕಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಇನ್ನೂ ಎಷ್ಟೋ ಮನೆಗಳಿಗೆ ಉಪಯೋಗಕ್ಕೆ ಬರಬಹುದು.

ಎರಡು ನಕ್ಷತ್ರ, ಒಂದು ದುಂಡನೆಯ ಪದಕ. ನಕ್ಷತ್ರಕ್ಕೆ ಆರು ಮೂಲೆ, ನಡುವೆ ಕಿರೀಟ ಮತ್ತು ರಾಜನ ಅಕ್ಷರಗಳು, ಸುತ್ತ ಯುದ್ಧರಂಗದ ಹೆಸರು. ಮುಂಭಾಗಕ್ಕಿಂತ ಹಿಂಭಾಗ ಮುಖ್ಯ. ಬ್ರಿಟಿಷ್ ಸೈನಿಕರಿಗೆ ಈ ನಕ್ಷತ್ರಗಳನ್ನು ಹೆಸರಿಲ್ಲದೆ ಕೊಟ್ಟರು. ಭಾರತೀಯ ಪಡೆಗಳಿಗೆ ಕೊಟ್ಟವುಗಳ ಮೇಲೆ ನಂಬರು, ಹುದ್ದೆ, ಹೆಸರು, ಪಡೆ ಎಲ್ಲವನ್ನೂ ಅಚ್ಚು ಹಾಕಿಸಿದರು. ನಮ್ಮ ಮನೆಯ ನಕ್ಷತ್ರದ ಹಿಂದೆ ಬೆರಳು ಆಡಿಸಿದರೆ ಆ ಅಕ್ಷರಗಳು ಕೈಗೆ ತಾಗುತ್ತವೆ. ವರ್ಷಗಟ್ಟಲೆ ಹುಣಸೆಹಣ್ಣು ಹಚ್ಚಿ ಉಜ್ಜಿದ್ದರಿಂದ ಅಲ್ಲಲ್ಲಿ ಸವೆದಿವೆ. ಆದರೂ ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬಿಟ್ಟರೆ ನಂಬರು ಪೂರ್ತಿ ಓದಬಹುದು. ಹೆಸರಿನ ಕಾಗುಣಿತ ಹೇಗೇ ಇರಲಿ, ನಂಬರು ಒಬ್ಬರಿಗೆ ಒಂದೇ. ಹುಡುಕಾಟಕ್ಕೆ ಅದೇ ಕೀಲಿ.

ಒಂದು ನಕ್ಷತ್ರ 1939–45 ಸ್ಟಾರ್. ಇನ್ನೊಂದು ಇಟಲಿ ಸ್ಟಾರ್, ಕೆಂಪು, ಬಿಳಿ, ನಡುವೆ ಹಸಿರು ಪಟ್ಟಿಯ ರಿಬ್ಬನ್. 1943ರ ಜೂನ್ 11ರಿಂದ 1945ರ ಮೇ 8ರವರೆಗಿನ ಸೇವೆಗೆ ಇದನ್ನು ಕೊಟ್ಟರು. ಆಫ್ರಿಕಾ ಸ್ಟಾರ್ ನಮ್ಮಲ್ಲಿಲ್ಲ. ಅದು ಕಳೆದುಹೋಗಿಲ್ಲ, ಅವರಿಗೆ ಬಂದೇ ಇರಲಿಲ್ಲ. ಮೂರು ಪದಕಗಳೂ ಒಂದೇ ಪಟ್ಟಿಗೆ ಹೊಲಿದಿವೆ, ಅದರಲ್ಲಿ ಇನ್ನೊಂದಕ್ಕೆ ಜಾಗವೇ ಇಲ್ಲ. ಈ ಇಲ್ಲದ ಪದಕ ಕೂಡ ಒಂದು ಸಾಕ್ಷಿ. 1940ರ ಜೂನ್ 10ರಿಂದ 1943ರ ಮೇ 12ರ ನಡುವೆ ಉತ್ತರ ಆಫ್ರಿಕಾದಲ್ಲಿ ಸೇವೆ ಮಾಡಿದವರಿಗೆ ಆಫ್ರಿಕಾ ಸ್ಟಾರ್ ಸಿಗುತ್ತಿತ್ತು. ಈಜಿಪ್ಟೂ ಅದರಲ್ಲಿ ಸೇರಿತ್ತು. ಅಂದರೆ ದೊಡ್ಡಜ್ಜ 1943ರ ಮೇ ತಿಂಗಳ ನಡುವಿನವರೆಗೆ ಈಜಿಪ್ಟಿನಲ್ಲಿರಲಿಲ್ಲ. ಆಮೇಲೆ ಇಟಲಿ ತಲುಪಿದ್ದಾರೆ.

ಹಾಗಾದರೆ ಅವರು ಹೋದ ದಾರಿ ಎರಡರಲ್ಲಿ ಒಂದು. ಬಾಂಬೆಯಿಂದ ಕೆಂಪು ಸಮುದ್ರದ ಮೂಲಕ ಸೂಯೆಜ್‌ಗೆ 1943ರ ಮೇ ನಂತರ ಹೋಗಿರಬೇಕು. ಇಲ್ಲವೇ ಅದಕ್ಕೂ ಮೊದಲು ಬಾಂಬೆಯಿಂದ ಬಸ್ರಾಗೆ ಹೋಗಿ, ಇರಾಕ್–ಇರಾನ್ ಕಡೆ ಎಣ್ಣೆ ಬಾವಿ ಮತ್ತು ರಷ್ಯಾಗೆ ಸಾಮಾನು ಸಾಗುವ ದಾರಿ ಕಾಯುವ ಪಡೆಯಲ್ಲಿದ್ದು, ಅಲ್ಲಿಂದ ಮರುಭೂಮಿ ದಾಟಿ ಪಶ್ಚಿಮಕ್ಕೆ ಬಂದಿರಬೇಕು. ಎರಡರಲ್ಲಿ ಯಾವುದಾದರೂ ಅವರು ಇನ್ನೊಂದು ಹಡಗು ಹತ್ತಲೇಬೇಕು, ಮೆಡಿಟರೇನಿಯನ್ ದಾಟಲು. ಇಟಲಿಯಲ್ಲಿ ಹೋರಾಡಿದ ಭಾರತೀಯ ಡಿವಿಷನ್‌ಗಳು ಮೂರು. 8ನೇ ಡಿವಿಷನ್ 1943ರ ಸೆಪ್ಟೆಂಬರ್‌ನಲ್ಲಿ ಟರಾಂಟೊದಲ್ಲಿ ಇಳಿಯಿತು. 4ನೆಯದು ಅದೇ ಡಿಸೆಂಬರ್‌ನಲ್ಲಿ, 10ನೆಯದು 1944ರ ಮಾರ್ಚ್‌ನಲ್ಲಿ ಬಂದವು. ಯಾವ ಡಿವಿಷನ್ ಅಂತ ಗೊತ್ತಾದರೆ ತಿಂಗಳು ಗೊತ್ತಾಗುತ್ತದೆ, ತಿಂಗಳಿನಿಂದ ಹಡಗಿನ ಹತ್ತಿರಕ್ಕೆ ಹೋಗಬಹುದು.

ಅಜ್ಜಿಗೆ ನೆನಪಿರುವ ಒಂದೇ ಊರಿನ ಹೆಸರು ಬಸ್ರಾ. ಕೇಳಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ಉತ್ತರ ಸಿಕ್ಕೇಬಿಟ್ಟಿತು ಅನ್ನಿಸಿತು. ಆದರೆ ಬಸ್ರಾ ಅನ್ನುವ ಹೆಸರು ಮೊದಲ ಮಹಾಯುದ್ಧದಿಂದಲೇ ನಮ್ಮ ಜನರ ಬಾಯಲ್ಲಿತ್ತು. ಆಗಲೂ ಬಾಂಬೆಯಿಂದ ಬಸ್ರಾಗೆ ಲಕ್ಷಾಂತರ ಸಿಪಾಯಿಗಳು, ಕೂಲಿಗಳು ಹೋಗಿದ್ದರು. ಊರಿನ ಇನ್ಯಾರದೋ ಮಾತು ಅಜ್ಜಿಯ ನೆನಪಿನಲ್ಲಿ ಅಣ್ಣನ ಮಾತಾಗಿ ಸೇರಿರಬಹುದು. ಮನೆಯ ನೆನಪಿಗೆ ಮರ್ಯಾದೆ ಕೊಡಬೇಕು, ಅದನ್ನು ಕಾಗದದ ಪಕ್ಕ ಇಟ್ಟು ನೋಡಲೂ ಬೇಕು. ಆ ಕಾಗದವೇ ಸಿಗುತ್ತಿಲ್ಲವಲ್ಲ, ಅದೇ ನನ್ನ ಸಂಕಟ. ಫೋಟೋದ ಹಿಂದೆ ಪೆನ್ಸಿಲ್‌ನಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ನಂಬರಿದೆ, ಕೊನೆಯ ಅಂಕಿ ನೀರು ಬಿದ್ದು ಅಳಿಸಿದೆ.

ಈಗ ದಿನಚರಿಯ ವಿಷಯಕ್ಕೆ ಬರುತ್ತೇನೆ. ಯುದ್ಧರಂಗಕ್ಕೆ ಹೋದ ಪ್ರತಿ ಕಂಪನಿಯೂ ಯುದ್ಧ ದಿನಚರಿ ಬರೆಯಬೇಕಿತ್ತು. ಅದಕ್ಕೆ ಆರ್ಮಿ ಫಾರ್ಮ್ ಸಿ. 2118 ಅಂತ ಅಚ್ಚಾದ ಹಾಳೆ. ಜಾಗ, ತಾರೀಕು, ಗಂಟೆ, ನಡೆದದ್ದರ ಸಾರಾಂಶ ಅಂತ ಕಾಲಂಗಳು. ಈ ದಿನಚರಿಗಳ ಒಂದು ಭಾಗ ಕ್ಯೂನಲ್ಲಿದೆ: ಡಬ್ಲ್ಯು.ಒ. 169 ಮಧ್ಯಪ್ರಾಚ್ಯದ್ದು, 170 ಇಟಲಿ ಕಡೆಯದ್ದು, 172 ಬರ್ಮಾ ಮತ್ತು ಆಗ್ನೇಯ ಏಷ್ಯಾದ್ದು. ನಮ್ಮ ದೇಶದಲ್ಲೂ ಇವೆ. ಇಂಥ ಒಂದು ಪುಟವನ್ನು, ನಮ್ಮ ದೊಡ್ಡಜ್ಜನದಲ್ಲದ ಬೇರೊಂದು ಕಂಪನಿಯದನ್ನು, ನಾನು ನೋಡಿದ್ದೇನೆ. ಬೆಳಗಿನ ಜಾವ ರೈಲು ಬಂದಿದ್ದು, ಹಡಗು ಹತ್ತಿದ್ದು, ಹಡಗಿನ ಹೆಸರು, ಮಧ್ಯಾಹ್ನ ಬೋಟ್ ಡ್ರಿಲ್ ಆಗಿದ್ದು, ಎಲ್ಲವೂ ನಾಲ್ಕೇ ಸಾಲಿನಲ್ಲಿ ಇತ್ತು.

ಆ ನಾಲ್ಕು ಸಾಲಿನಲ್ಲಿ ಇಂಗ್ಲಿಷ್ ಅಧಿಕಾರಿಗಳ ಹೆಸರುಗಳು ಇದ್ದವು. ಮೇಜರ್ ಯಾರು, ಕ್ಯಾಪ್ಟನ್ ಯಾರು, ಯಾರಿಗೆ ಜ್ವರ ಬಂದು ಬಂದರಿನಲ್ಲೇ ಉಳಿದರು ಅಂತೆಲ್ಲ. ಸಿಪಾಯಿಗಳ ಜಾಗದಲ್ಲಿ ಬರೀ ‘ಐ.ಒ.ಆರ್.’ (ಇಂಡಿಯನ್ ಅದರ್ ರ‍್ಯಾಂಕ್ಸ್, ಅಂದರೆ ಅಧಿಕಾರಿಗಳಲ್ಲದ ಭಾರತೀಯರು) ಅಂತ ಮೂರು ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ. ಅಡುಗೆಯವರು, ನೀರಿನವರು, ಜಾಡಮಾಲಿಗಳದ್ದು ಇನ್ನೊಂದು ಸಂಖ್ಯೆ. ಇಡೀ ಕಂಪನಿ ಸಮುದ್ರ ದಾಟಿದ್ದು ಹೀಗೆ ಸಂಖ್ಯೆಯಾಗಿ. ಅದನ್ನು ಓದಿ ನನಗೆ ಸಿಟ್ಟು ಬಂತು, ಈಗಲೂ ಬರುತ್ತದೆ. ಆದರೆ ಆ ಸಂಖ್ಯೆಯ ಒಳಗಿದ್ದವರ ಹೆಸರು ಇನ್ನೊಂದು ಕಡೆ ಇದೆ, ದಾಖಲೆ ಕಚೇರಿಯ ರೋಲ್‌ನಲ್ಲಿ. ದಿನಚರಿಯಲ್ಲಿ ಹಡಗಿದೆ, ಹೆಸರಿಲ್ಲ. ರೋಲ್‌ನಲ್ಲಿ ಹೆಸರಿದೆ, ಹಡಗಿಲ್ಲ. ಎರಡನ್ನೂ ಒಂದು ಕಡೆ ಇಟ್ಟರೆ ಅವರು ಮತ್ತೆ ಮನುಷ್ಯರಾಗುತ್ತಾರೆ. ಈ ಪತ್ರ ಬರೆದಿರುವುದೇ ಅದಕ್ಕಾಗಿ.

ರೋಲ್ ವಿಷಯದಲ್ಲಿ ನನಗೆ ಭಯವೂ ಇದೆ. ಪ್ರತಿ ಸಿಪಾಯಿಗೂ ಒಂದು ಶೀಟ್ ರೋಲ್ ಇರುತ್ತದೆ. ಸೇರಿದ ದಿನ, ತಂದೆಯ ಹೆಸರು, ಊರು, ತಾಲ್ಲೂಕು, ಎಲ್ಲೆಲ್ಲಿ ಸೇವೆ ಮಾಡಿದ್ದು, ಎಲ್ಲ ಅದರಲ್ಲಿ. ಆದರೆ ಪಿಂಚಣಿ ಇಲ್ಲದವರ ಕಾಗದಪತ್ರಗಳನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡಲು ಸೇನೆಯ ನಿಯಮದಲ್ಲೇ ಅವಕಾಶವಿದೆ. ಯುದ್ಧಕ್ಕೆಂದು ಸೇರಿ, 1946ರಲ್ಲಿ ಮನೆಗೆ ಕಳಿಸಲ್ಪಟ್ಟ ಹುಡುಗರಿಗೆ ಪಿಂಚಣಿ ಎಲ್ಲಿಂದ ಬರಬೇಕು? ಐದಾರು ವರ್ಷದ ಸೇವೆ ಅಷ್ಟೇ. ಹಾಗಾಗಿ ಸಮುದ್ರ ದಾಟಿದವರಲ್ಲಿ ಬಹುಪಾಲು ಜನ ಈ ನಿಯಮದ ಅಡಿಗೇ ಬರುತ್ತಾರೆ. ಉಳಿಯುವುದು ಲಾಂಗ್ ರೋಲ್, ಒಬ್ಬರಿಗೆ ಒಂದು ಸಾಲಿನ ದೊಡ್ಡ ಪುಸ್ತಕ. ಅಂದರೆ ಎಷ್ಟೋ ಸಿಪಾಯಿಗಳು ಸೇನೆಯಲ್ಲಿದ್ದರು ಅನ್ನೋದಕ್ಕೆ ಸರ್ಕಾರದ ಬಳಿ ಇರುವ ಕೊನೆಯ ಗುರುತು ಆ ಒಂದು ಸಾಲು. ಆ ಪುಸ್ತಕಗಳನ್ನು ದಯವಿಟ್ಟು ಮೊದಲು ಸ್ಕ್ಯಾನ್ ಮಾಡಿ. ಬೇರೆ ಎಲ್ಲಕ್ಕಿಂತ ಮೊದಲು.

ದಾಖಲೆ ಕೊಠಡಿಗಳಲ್ಲಿ ಕೆಲಸ ಮಾಡುವ ಗುಮಾಸ್ತರ ಮೇಲೆ ನನಗೆ ದೂರಿಲ್ಲ. ಒಂದು ಪತ್ರಾಗಾರದಲ್ಲಿ ನಾನು ಕೇಳಿದ ಫೈಲಿಗೆ ‘ಜಾಗದಲ್ಲಿಲ್ಲ’ ಅಂತ ಚೀಟಿ ಬಂತು. ಅಲ್ಲಿನ ಹಿರಿಯ ಸಹಾಯಕರೊಬ್ಬರು ತಮ್ಮ ಊಟದ ಹೊತ್ತಿನಲ್ಲಿ ಒಳಗೆ ಹೋಗಿ, ಪಕ್ಕದ ರ‍್ಯಾಕುಗಳಲ್ಲೆಲ್ಲ ಹುಡುಕಿ, ಧೂಳಾದ ಕೈಗಳಿಂದ ಹೊರಗೆ ಬಂದು ‘ಇಲ್ಲ ಸಾರ್, ಬೇಜಾರು ಮಾಡ್ಕೋಬೇಡಿ’ ಅಂದರು. ಜನ ಒಳ್ಳೆಯವರೇ. ಆದರೆ ಒಬ್ಬರ ಒಳ್ಳೆಯತನದ ಮೇಲೆ ಲಕ್ಷಾಂತರ ಮನೆಗಳ ಹುಡುಕಾಟ ನಿಲ್ಲಬಾರದು. ಅದಕ್ಕೆ ವ್ಯವಸ್ಥೆ ಬೇಕು.

ಬೇರೆಯವರು ಇದನ್ನು ಮಾಡಿ ತೋರಿಸಿದ್ದಾರೆ. ಮೊದಲ ಮಹಾಯುದ್ಧಕ್ಕೆ ಹೋದ ಆಸ್ಟ್ರೇಲಿಯಾದ ಸೈನಿಕರ ಹಡಗು ಹತ್ತಿದ ಪಟ್ಟಿಗಳನ್ನು ಅಲ್ಲಿನ ಯುದ್ಧ ಸ್ಮಾರಕ ಸಂಸ್ಥೆ ಹೆಸರಿನಿಂದ ಹುಡುಕುವಂತೆ ಇಟ್ಟಿದೆ. ಮುತ್ತಜ್ಜನ ಹೆಸರು ಹಾಕಿದರೆ ಬಂದರು, ಹಡಗು, ತಾರೀಕು ಬರುತ್ತದೆ. ಲಾಹೋರ್ ಮ್ಯೂಸಿಯಂನಲ್ಲಿ ಬಹಳ ಕಾಲ ಸುಮ್ನೆ ಬಿದ್ದಿದ್ದ ಪಂಜಾಬಿನ ಸೈನಿಕರ ಮೊದಲ ಮಹಾಯುದ್ಧದ ರಿಜಿಸ್ಟರುಗಳು 2021ರಿಂದ ಡಿಜಿಟಲ್ ರೂಪದಲ್ಲಿ ಹೊರಬರುತ್ತಿವೆ. ಸುಮಾರು 3,20,000 ಸೈನಿಕರ ವಿವರ ಅವುಗಳಲ್ಲಿವೆ. ಹಳ್ಳಿಯ ಹೆಸರಿನಿಂದ ತಮ್ಮವರನ್ನು ಹುಡುಕಿಕೊಂಡ ಪಂಜಾಬಿ ಮನೆಗಳಿವೆ. ದಕ್ಷಿಣದವರಾದ ನಾವು ಅಂಥದ್ದನ್ನೇ ಕೇಳಿದರೆ ಅದು ಜಾಸ್ತಿ ಆಯಿತು ಅನ್ನಲಾಗದು, ಅಲ್ವಾ?

ಕಾನೂನೂ ನಮ್ಮ ಕಡೆ ಇದೆ. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಇದೆ. ಮಾಹಿತಿ ಹಕ್ಕು ಕಾಯಿದೆಯ 8(3)ನೇ ಕಲಂ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, 20 ವರ್ಷಕ್ಕಿಂತ ಹಳೆಯ ಘಟನೆಯ ಮಾಹಿತಿ ಕೊಡಬೇಕು. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯವೇ ಒಂದು ನೀತಿ ತಂದು, ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗ ಮಾಡಬೇಕು ಅಂದಿತು. ನಾನು ಕೇಳುತ್ತಿರುವ ಪುಟಗಳಿಗೆ 80 ವರ್ಷ ದಾಟಿದೆ. ಆ ಹಡಗುಗಳು ಗುಜರಿಗೆ ಹೋಗಿವೆ ಅಥವಾ ಸಮುದ್ರದ ತಳದಲ್ಲಿವೆ. ಯಾವ ಶತ್ರುವಿಗೂ ಈಗ ಅವುಗಳಿಂದ ಉಪಯೋಗವಿಲ್ಲ. ಶಿಕ್ಷೆ, ಕಾಯಿಲೆಯಂಥ ಖಾಸಗಿ ವಿವರ ಇರುವ ಹಾಳೆಗಳನ್ನು ಬೇಕಾದರೆ ಬದಿಗಿಡಿ. ಅದು ನ್ಯಾಯವೇ.

ಸಮುದ್ರದ ತಳ ಅಂದೆ. ತಿರುಗಿ ಬರದವರ ಮನೆಗಳಿಗೆ ಈ ಕಾಗದದ ಬೆಲೆ ನಮಗಿಂತ ಬಹಳ ಹೆಚ್ಚು. 1944ರ ಫೆಬ್ರವರಿ 12ರಂದು ಮೊಂಬಾಸಾದಿಂದ ಕೊಲಂಬೊಗೆ ಬರುತ್ತಿದ್ದ ‘ಖೆಡಿವ್ ಇಸ್ಮಾಯಿಲ್’ ಹಡಗಿಗೆ ಜಪಾನಿ ಸಬ್‌ಮೆರೀನಿನ ಟಾರ್ಪೆಡೊ ಬಡಿಯಿತು. ಎರಡು ನಿಮಿಷದೊಳಗೆ ಮುಳುಗಿತು, 1,297 ಜನ ಸತ್ತರು. 1943ರ ಜನವರಿ 26ರಂದು ಅಮೆರಿಕದ ಸಬ್‌ಮೆರೀನ್ ‘ವಾಹೂ’ ಮುಳುಗಿಸಿದ ಜಪಾನಿ ಹಡಗು ‘ಬುಯೊ ಮಾರು’ವಿನಲ್ಲಿ 491 ಭಾರತೀಯ ಯುದ್ಧಕೈದಿಗಳಿದ್ದರು. ಅದು ಮುಳುಗಿಸಿದವರಿಗೇ ಗೊತ್ತಿರಲಿಲ್ಲ. ಸಿಂಗಾಪುರದಲ್ಲಿ 1942ರ ಫೆಬ್ರವರಿ 15ರಂದು ಶರಣಾದ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಇನ್‌ಫೆಂಟ್ರಿಯೂ ಇತ್ತು. ನಮ್ಮ ಹಳೇ ಮೈಸೂರಿನ ಹಳ್ಳಿಗಳ ಹುಡುಗರು ಅಲ್ಲಿಗೆ ಹೋದದ್ದೂ ಹಡಗಿನಲ್ಲೇ. ಅವರನ್ನು ಹುಡುಕುವವರೂ ಇದ್ದಾರೆ.

ಇನ್ನು ಹಡಗು ನಡೆಸಿದವರು. ‘ರೋಹ್ನಾ’ ಅನ್ನುವ ಹಡಗಿನ ಕಥೆ ಅಮೆರಿಕದಲ್ಲಿ ಈಗ ಬಹಳ ಜನರಿಗೆ ಗೊತ್ತು. ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯದು ಅದು. ಮದ್ರಾಸು–ಸಿಂಗಾಪುರ ನಡುವೆ ದಶಕಗಳ ಕಾಲ ಓಡಾಡಿದ ‘ರಜುಲಾ’ದ ಜೋಡಿ ಹಡಗು. ಭಾರತದ ಕಡೆ ಬರಬೇಕಿದ್ದ ಅಮೆರಿಕನ್ ಸೈನಿಕರನ್ನು ಹೊತ್ತು ಸಾಗುತ್ತಿದ್ದಾಗ, 1943ರ ನವೆಂಬರ್ 26ರಂದು ಅಲ್ಜೀರಿಯಾ ಕರಾವಳಿಯ ಹತ್ತಿರ ಜರ್ಮನ್ ವಿಮಾನವೊಂದು ದೂರದಿಂದಲೇ ನಿಯಂತ್ರಿಸಿದ ಬಾಂಬು ಅದಕ್ಕೆ ಬಡಿಯಿತು. 1,015 ಅಮೆರಿಕನ್ ಸೈನಿಕರು ಸತ್ತರು. ದಶಕಗಳ ಕಾಲ ಗುಟ್ಟಾಗಿತ್ತು. ಮನೆಯವರು ಪಟ್ಟು ಹಿಡಿದು ಕೇಳಿದರು. 2000ದಲ್ಲಿ ಅಮೆರಿಕದ ಸಂಸತ್ತು ಅವರನ್ನು ನೆನೆದು ನಿರ್ಣಯ ಮಾಡಿತು. ಅದೇ ಹಡಗಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯ ಲಷ್ಕರರು, ಅಂದರೆ ಹಡಗಿನ ಕೆಲಸದ ನಾವಿಕರು. ಅವರಲ್ಲೂ ಬಹಳ ಮಂದಿ ಮುಳುಗಿದರು. ಅವರಿಗಾಗಿ ನಾವು ಯಾವತ್ತಾದರೂ ಪಟ್ಟು ಹಿಡಿದಿದ್ದೇವಾ? ಯುದ್ಧದಲ್ಲಿ ಸತ್ತ ಭಾರತದ ನೌಕಾಪಡೆ ಮತ್ತು ವ್ಯಾಪಾರಿ ಹಡಗುಗಳ 6,000ಕ್ಕೂ ಹೆಚ್ಚು ನಾವಿಕರನ್ನು ಬಾಂಬೆ ಮತ್ತು ಚಿತ್ತಗಾಂಗ್ ಸ್ಮಾರಕಗಳು ನೆನೆಯುತ್ತವೆ. ಬಾಯ್ಲರಿಗೆ ಕಲ್ಲಿದ್ದಲು ತುಂಬಿದವರು, ಅಡುಗೆ ಮಾಡಿದವರು, ಹಗ್ಗ ಎಳೆದವರು. ಸೈನಿಕರ ದಾಖಲೆ ತೆರೆಯುವಾಗ ಇವರನ್ನು ಬಿಡಬೇಡಿ.

‘ಇವರೆಲ್ಲ ಬಿಳಿಯರ ಯುದ್ಧಕ್ಕೆ ಹೋದವರು, ಇವರ ಲೆಕ್ಕ ನಾವ್ಯಾಕೆ ಇಡಬೇಕು?’ ಅನ್ನುವ ಮಾತನ್ನೂ ಕೇಳಿದ್ದೇನೆ. ಹೋದದ್ದು ನಮ್ಮ ಜನ. ಬರಗಾಲಕ್ಕೆ ಹೆದರಿ ಹೋದವರಿದ್ದರು, ಸಂಬಳಕ್ಕೆ ಹೋದವರಿದ್ದರು, ಹುಮ್ಮಸ್ಸಿನಿಂದ ಹೋದವರೂ ಇದ್ದರು. ಅವರಲ್ಲಿ ಕೆಲವರು ಸೆರೆ ಸಿಕ್ಕಿ ನೇತಾಜಿಯ ಸೇನೆ ಸೇರಿದರು. ಕೆಲವರು ಸೇರಲಿಲ್ಲ. ಇಬ್ಬರೂ ಒಂದೇ ಬಂದರಿನಿಂದ ಹೊರಟಿದ್ದರು. ದೇಶ ಒಡೆದ ಮೇಲೂ ಭಾರತ ಮತ್ತು ಪಾಕಿಸ್ತಾನ ಒಂದು ಜಂಟಿ ಇತಿಹಾಸ ವಿಭಾಗ ಇಟ್ಟುಕೊಂಡು ಈ ಯುದ್ಧದ ಚರಿತ್ರೆ ಬರೆಸಿದವು. ಆ ದಿನಗಳಲ್ಲಿ, ಅಷ್ಟು ಕಹಿಯ ನಡುವೆ ಅದು ಸಾಧ್ಯವಾಯಿತು. ಈಗ ಒಂದು ಪಟ್ಟಿ ಮಾಡುವುದು ಕಷ್ಟವಲ್ಲ.

ಕೊನೆಯದಾಗಿ ಮನೆಗಳಲ್ಲಿರುವ ನಿಮಗೆ. ಅಜ್ಜನ ಪದಕವನ್ನು ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಹಿಂಭಾಗದ ಫೋಟೋ ತೆಗೆದು ನಂಬರು ಬರೆದಿಡಿ. ಯಾವ ಪದಕ ಇದೆ ಅನ್ನುವಷ್ಟೇ ಯಾವುದು ಇಲ್ಲ ಅನ್ನುವುದನ್ನೂ ಗಮನಿಸಿ. ಹಳೆಯ ಕಾಗದ ಸಿಕ್ಕರೆ ಲಕೋಟೆ ಬಿಸಾಡಬೇಡಿ. ಫೀಲ್ಡ್ ಪೋಸ್ಟ್ ಆಫೀಸಿನ ನಂಬರು ಮತ್ತು ಮುದ್ರೆಯ ತಾರೀಕು ಎರಡೂ ಇದ್ದರೆ ಆ ದಿನ ಆ ಅಂಚೆ ಯಾವ ಊರಿನಲ್ಲಿತ್ತು ಅಂತ ಅಂಚೆ ಇತಿಹಾಸ ಬಲ್ಲವರು ಹೇಳಬಲ್ಲರು. ಮನೆಯ ಹಿರಿಯರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ, ನೀವು ತಿದ್ದಬೇಡಿ. ಪದಕ ಮಾರಬೇಡಿ. ಮಾರಲೇಬೇಕಾದ ಕಷ್ಟ ಬಂದರೆ ಎರಡೂ ಬದಿಯ ಚಿತ್ರ ಇಟ್ಟುಕೊಂಡು ಮಾರಿ.

ಅಧಿಕಾರಿಗಳೇ, ಹಣ ಮತ್ತು ಸಿಬ್ಬಂದಿ ಕಡಿಮೆ ಇದೆ ಅನ್ನುವುದು ನಮಗೂ ಗೊತ್ತು. ಅದಕ್ಕೇ ಎಲ್ಲ ದಾಖಲೆ ಬೇಡ, 1939ರಿಂದ 1946ರವರೆಗಿನ ಲಾಂಗ್ ರೋಲ್ ಮತ್ತು ದಿನಚರಿಗಳ ಹಡಗಿನ ಪುಟಗಳು ಸಾಕು ಅಂತ ಕೇಳುತ್ತಿರುವುದು. ಒಂದು ಪಡೆಯಿಂದ ಶುರುಮಾಡಿ. ಸ್ಕ್ಯಾನ್ ಆದ ಪುಟಗಳ ಕೈಬರಹ ಓದಿ ಟೈಪ್ ಮಾಡಲು ಜನ ಬೇಕಾದರೆ ನಾವು ಬರುತ್ತೇವೆ, ಸಂಬಳವಿಲ್ಲದೆ. ನಾನು ಬರುತ್ತೇನೆ, ನನ್ನಂತೆ ಹುಡುಕುತ್ತಿರುವ ಇನ್ನೂ ಅನೇಕರು ಬರುತ್ತಾರೆ. ಹಳೆಯ ಇಂಗ್ಲಿಷ್ ಗುಮಾಸ್ತ ನಮ್ಮ ಊರುಗಳ ಹೆಸರನ್ನು ಹೇಗೆ ಬರೆದಿರುತ್ತಾನೆ ಅಂತ ಊಹಿಸಲು ಆ ಊರಿನವರೇ ಬೇಕು. ಯಾವ ದಿನ, ಯಾವ ಕಚೇರಿಗೆ ಬರಬೇಕು ಅಂತ ತಿಳಿಸಿ.

ಇಂತಿ,
ಒಬ್ಬ ಸ್ಯಾಪರ್‌ನ ತಂಗಿಯ ಮೊಮ್ಮಗ